ಸಿಟಿಯ ನೆರಳು ಯಾರ ಪಾಲಿಗೆ ಬರುತ್ತೆ? ಮರ, ಪಾರ್ಕು ಮತ್ತು ದುಡ್ಡಿನ ನಂಟು

2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ 39.2 ಡಿಗ್ರಿ ದಾಖಲಾಯ್ತು. 2024ರ ಏಪ್ರಿಲ್ ಕೊನೇಲಿ ಮತ್ತೆ 38.5 ಮುಟ್ತು. ಫ್ಯಾನೇ ಬೇಕಾಗ್ತಿರ್ಲಿಲ್ಲ ಅಂತ ಹಿರಿಯರು ಹೇಳ್ಕೊಳ್ತಿದ್ದ ಊರಲ್ಲಿ ಈಗ ರಾತ್ರಿ ಹನ್ನೊಂದಾದ್ರೂ ಗೋಡೆ ಬಿಸಿ ಇರುತ್ತೆ. ಆದ್ರೆ ಟಿವೀಲಿ ಬರೋ ಆ ನಂಬರ್ ಹವಾಮಾನ ಇಲಾಖೆಯವರು ಒಂದು ಜಾಗದಲ್ಲಿ, ನೆರಳಲ್ಲಿ ಇಟ್ಟ ಥರ್ಮಾಮೀಟರ್‌ದು, ಅದೇ ಮಧ್ಯಾಹ್ನ ಜಯನಗರದ ಮರದ ಸಾಲಿನ ಕೆಳಗೆ ನಡ್ಕೊಂಡು ಹೋಗೋರಿಗೆ ಆಗೋ ಬಿಸಿಲೇ ಬೇರೆ, ಪಾದರಾಯನಪುರದ ಗಲ್ಲೀಲಿ ಶೀಟ್ ಮನೆ ಒಳಗೆ ಅಡುಗೆ ಮಾಡೋರಿಗೆ ಆಗೋ ಬಿಸಿಲೇ ಬೇರೆ.

ಬೇಸಿಗೆ ಬಂದ ಕೂಡ್ಲೇ ಎಲ್ಲರೂ ಮರ ನೆಡಿ ಮರ ನೆಡಿ ಅಂತಾರೆ, ಒಳ್ಳೇದೇ. ಆದ್ರೆ ಕೆಲವು ಏರಿಯಾಗಳಲ್ಲಿ ಅಜ್ಜನ ಕಾಲದ ಮರಗಳಿವೆ, ಇನ್ನು ಕೆಲವು ಕಡೆ ಒಂದು ಸಸಿ ಇಡೋಕೂ ಒಂದು ಅಡಿ ಮಣ್ಣಿಲ್ಲ, ಇದು ಯಾಕೆ ಹೀಗಾಯ್ತು ಅನ್ನೋದು ಗೊತ್ತಾಗದೆ ನೆಡೋ ಮಾತು ಮುಂದಕ್ಕೆ ಹೋಗಲ್ಲ. ಪ್ರಪಂಚದ ತುಂಬಾ ಸಿಟಿಗಳಲ್ಲಿ ಸಂಶೋಧಕರು ಈ ಪ್ರಶ್ನೆ ಹಿಡಿದು ಕೆಲಸ ಮಾಡಿದಾರೆ, ಬಹಳಷ್ಟು ಕಡೆ ಸಿಕ್ಕ ಉತ್ತರ ಒಂದೇ ಥರ: ದುಡ್ಡಿರೋ ಕಡೆ ಹಸಿರು ಜಾಸ್ತಿ, ದುಡ್ಡಿಲ್ಲದ ಕಡೆ ಕಡಿಮೆ. ಈ ಬರಹದಲ್ಲಿ ಹೆಚ್ಚಿಗೆ ಬೆಂಗಳೂರನ್ನೇ ಇಟ್ಕೊಂಡು ಅದು ಹೇಗೆ, ಯಾಕೆ ಅಂತ ನೋಡೋಣ.

ಹಸಿರು ಜಾಗ ಅಂದ್ರೆ ಯಾವುದೆಲ್ಲ

ಪಾರ್ಕ್ ಒಂದೇ ಅಲ್ಲ. ರಸ್ತೆ ಬದಿ ಮರ, ಶಾಲೆ ಕಾಂಪೌಂಡಿನ ಹೊಂಗೆ, ಕೆರೆ ದಂಡೆಯ ಹುಲ್ಲು, ಸ್ಮಶಾನದ ಮರಗಳು, ಅಶ್ವತ್ಥಕಟ್ಟೆ, ಹಳ್ಳಿ ಸಿಟಿಯೊಳಗೆ ಸೇರ್ಕೊಂಡಾಗ ಉಳ್ಕೊಂಡ ಗುಂಡುತೋಪು, ಮನೆ ಹಿತ್ತಲ ತೆಂಗಿನಮರ, ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಇದರಲ್ಲಿ ಎರಡು ಬಗೆ ಇದೆ ಅಂತ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ: ಸಾರ್ವಜನಿಕ ಹಸಿರು, ಅಂದ್ರೆ ಯಾರು ಬೇಕಾದ್ರೂ ಹೋಗಿ ಕೂರಬಹುದಾದ್ದು, ಮತ್ತೆ ಖಾಸಗಿ ಹಸಿರು, ಅಂದ್ರೆ ಬಂಗಲೆ ಕಾಂಪೌಂಡು ಅಥವಾ ಅಪಾರ್ಟ್‌ಮೆಂಟ್ ಗೇಟಿನ ಒಳಗಿರೋದು. ಸ್ಯಾಟಲೈಟ್ ಫೋಟೋದಲ್ಲಿ ಎರಡೂ ಒಂದೇ ಬಣ್ಣ.

ಇನ್ನು ಆರ್ಥಿಕ-ಸಾಮಾಜಿಕ ಸ್ಥಿತಿ ಅಂತ ಸಂಶೋಧಕರು ಕರೆಯೋದು ಬರೀ ಸಂಬಳ ಅಲ್ಲ. ಓದು, ಕೆಲಸದ ಬಗೆ, ಸ್ವಂತ ಮನೆಯೋ ಬಾಡಿಗೆಯೋ, ಮನೆ ಪಕ್ಕಾನೋ ಶೀಟೋ, ಜಾಗಕ್ಕೆ ದಾಖಲೆ ಇದೆಯೋ ಇಲ್ವೋ, ನಮ್ಮ ದೇಶದಲ್ಲಿ ಜಾತಿ ಕೂಡ, ಇವೆಲ್ಲ ಸೇರಿ ಒಬ್ಬರು ಸಿಟಿಯ ಯಾವ ಮೂಲೇಲಿ ಬದುಕ್ತಾರೆ ಅನ್ನೋದನ್ನ ತೀರ್ಮಾನ ಮಾಡುತ್ತೆ.

ಒಂದು ಮರ ಮಾಡೋ ಕೆಲಸ

ನೆರಳು ಕೊಡೋದು ಎಲ್ಲರಿಗೂ ಗೊತ್ತು. ಎರಡನೇ ಕೆಲಸ ಕಣ್ಣಿಗೆ ಕಾಣಲ್ಲ. ಮರ ಬೇರಿಂದ ಎಳ್ಕೊಂಡ ನೀರನ್ನ ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ಆವಿ ಮಾಡಿ ಹೊರಗೆ ಬಿಡುತ್ತೆ, ನೀರು ಆವಿ ಆಗ್ಬೇಕಂದ್ರೆ ಶಾಖ ಬೇಕು, ಆ ಶಾಖ ಸುತ್ತಲಿನ ಗಾಳಿಯಿಂದ ಹೋಗುತ್ತೆ, ಹಾಗಾಗಿ ಗಾಳಿ ತಣ್ಣಗಾಗುತ್ತೆ. ಮಣ್ಣಿನ ಮಡಕೇಲಿಟ್ಟ ನೀರು ಬೇಸಿಗೇಲೂ ತಣ್ಣಗಿರೋದು ಇದೇ ಕಾರಣಕ್ಕೆ.

ಬೆಂಗಳೂರಿನ ರಸ್ತೆಗಳಲ್ಲೇ ಇದನ್ನ ಅಳೆದು ನೋಡಿದಾರೆ. ಪರಿಸರ ಸಂಶೋಧಕಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರ ಇರೋ ರಸ್ತೆ ಭಾಗ ಮತ್ತು ಮರ ಇಲ್ಲದ ರಸ್ತೆ ಭಾಗ ಹೋಲಿಸಿದಾಗ ಮರ ಇರೋ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿವರೆಗೂ ಕಡಿಮೆ ಇತ್ತು, ಡಾಂಬರಿನ ಮೇಲ್ಮೈ ಅಂತೂ 27.5 ಡಿಗ್ರಿವರೆಗೂ ಕಡಿಮೆ. ಇದು ಸರಾಸರಿ ಅಲ್ಲ, ಅವರು ಕಂಡ ಗರಿಷ್ಠ ವ್ಯತ್ಯಾಸ. ಆದ್ರೂ ಆ ಡಾಂಬರಿನ ಮೇಲೇ ಇಡೀ ದಿನ ತಳ್ಳುಗಾಡಿ ನಿಲ್ಲಿಸ್ಕೊಂಡು ಸೊಪ್ಪು ಮಾರೋ ಅಮ್ಮನಿಗೆ ಈ ನಂಬರ್ ಅಂದ್ರೆ ಏನು ಅಂತ ಯೋಚಿಸಿ.

ದುಡ್ಡಿನ ಮಾತು ಬರೋದು ಇಲ್ಲೇ. ಆಸ್ಬೆಸ್ಟಸ್ ಅಥವಾ ತಗಡಿನ ಶೀಟ್ ಬಿಸಿಲನ್ನ ನೇರವಾಗಿ ಮನೆಯೊಳಗೆ ಇಳಿಸುತ್ತೆ, ಕಿಟಕಿ ಒಂದೋ ಎರಡೋ, ಎಸಿ ಇಲ್ಲ, ಕೆಲಸ ಹೊರಗಡೆ. ಪೌರಕಾರ್ಮಿಕರು, ಗಾರೆ ಕೆಲಸದವರು, ಡೆಲಿವರಿ ಹುಡುಗರು, ಬೀದಿಬದಿ ವ್ಯಾಪಾರಿಗಳು, ಇವರಿಗೆ ಮರದ ನೆರಳೇ ಎಸಿ. ಎಸಿ ಕಾರಿಂದ ಇಳಿದು ಎಸಿ ಆಫೀಸಿಗೆ ಹೋಗೋರಿಗಿಂತ ಇವರಿಗೆ ಮರ ಎಷ್ಟೋ ಪಾಲು ಜಾಸ್ತಿ ಬೇಕು. ಬೇಕಾದವರ ಕಡೆಗೇ ಕಡಿಮೆ ಇರೋದು, ಇಡೀ ವಿಷಯ ಇಷ್ಟು ಮುಖ್ಯ ಆಗೋದು ಅದಕ್ಕೇ.

ಬೆಂಗಳೂರಲ್ಲಿ ಹಸಿರು ಎಲ್ಲೆಲ್ಲಿ ಬಂತು

ಹಳೇ ಬೆಂಗಳೂರು ಅಂದ್ರೆ ಪೇಟೆ: ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆ. ಮನೆ ಅಂಗಡಿ ಒತ್ತೊತ್ತಾಗಿ, ಓಣಿಗಳು ಕಿರಿದು. 1760ರಲ್ಲಿ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದ್ದು ಈ ಪೇಟೆಯ ಹೊರಗೆ. 1809ರಲ್ಲಿ ಬ್ರಿಟಿಷರು ದಂಡು ಪ್ರದೇಶ ಮಾಡ್ಕೊಂಡಾಗ ಅಲ್ಲಿನ ಅಧಿಕಾರಿಗಳಿಗೆ ದೊಡ್ಡ ದೊಡ್ಡ ಕಾಂಪೌಂಡಿನ ಬಂಗಲೆಗಳು ಬಂದ್ವು, ತೋಟ ಬಂತು, 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಕಾಲದಲ್ಲಿ ಕಬ್ಬನ್ ಪಾರ್ಕ್ ಬಂತು. 1898ರಲ್ಲಿ ಪ್ಲೇಗ್ ಬಂದು ಪೇಟೇಲಿ ಜನ ಸಾಯೋಕೆ ಶುರುವಾದ್ಮೇಲೆ ಗಾಳಿ ಬೆಳಕು ಇರೋ ಬಡಾವಣೆ ಬೇಕು ಅಂತ ಎಲ್ಲರಿಗೂ ಅನ್ನಿಸ್ತು, ಬಸವನಗುಡಿ ಮಲ್ಲೇಶ್ವರ ಜೋರಾಗಿ ಬೆಳೆದಿದ್ದು ಆಗ, ಅಗಲ ರಸ್ತೆ, ನಡುವೆ ಪಾರ್ಕು, ಮನೆ ಸುತ್ತ ಜಾಗ. 1908ರಲ್ಲಿ ಬಂದ ಜರ್ಮನ್ ತೋಟಗಾರ ಕ್ರುಂಬಿಗೆಲ್ ವರ್ಷದ ಯಾವ ತಿಂಗಳಾದ್ರೂ ಎಲ್ಲೋ ಒಂದು ಸಾಲು ಹೂ ಬಿಟ್ಟಿರಬೇಕು ಅಂತ ಯೋಚಿಸಿ ಮರಗಳ ಆಯ್ಕೆ ಮಾಡಿದ್ರು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು.

ಈ ಹೊಸ ಬಡಾವಣೆಗಳಿಗೆ ಹೋದವರು ಸೈಟ್ ತಗೊಳ್ಳೋ ಶಕ್ತಿ ಇದ್ದವರು, ಸರ್ಕಾರಿ ನೌಕರರು, ಓದಿದವರು. ಹೋಗೋಕಾಗದವರು ಪೇಟೆಯಲ್ಲೇ, ಮಿಲ್ಲುಗಳ ಹತ್ರಾನೇ ಉಳ್ಕೊಂಡ್ರು. ಅಂದ್ರೆ ಮರ ಮತ್ತು ದುಡ್ಡು ಒಂದೇ ವಿಳಾಸಕ್ಕೆ ಹೋಗಿದ್ದು ನೂರು ವರ್ಷದ ಹಿಂದೆ.

ಅದರ ಗುರುತು ಇವತ್ತಿಗೂ ಇದೆ. ಐಐಎಸ್‌ಸಿಯ ಟಿ.ವಿ. ರಾಮಚಂದ್ರ ಅವರ ತಂಡ ಸ್ಯಾಟಲೈಟ್ ಚಿತ್ರ ಇಟ್ಕೊಂಡು ಇಡೀ ಬಿಬಿಎಂಪಿ ವ್ಯಾಪ್ತಿಯ ಮರಗಳ ಅಂದಾಜು ಮಾಡಿದಾಗ ಸುಮಾರು 15 ಲಕ್ಷ ಮರ ಬಂತು, ಅಂದ್ರೆ ಹೆಚ್ಚುಕಡಿಮೆ 7 ಜನಕ್ಕೆ ಒಂದು ಮರ. ತೀರಾ ಕಡಿಮೆ ಮರ ಇದ್ದ ವಾರ್ಡ್‌ಗಳ ಪಟ್ಟೀಲಿ ಚಿಕ್ಕಪೇಟೆ, ಶಿವಾಜಿನಗರ, ಕೆಂಪಾಪುರ ಅಗ್ರಹಾರ, ಪಾದರಾಯನಪುರ ಇದ್ವು. ಇವು ಹಳೇ ವಾರ್ಡ್ ಲೆಕ್ಕ, ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ, ಗಡಿಗಳು ಬದಲಾಗಿವೆ, ಮರಗಳ ಜಾಗ ಬದಲಾಗಿಲ್ಲ.

ಒಂದು ಎಚ್ಚರಿಕೆನೂ ಹೇಳ್ಬೇಕು. ಅದೇ ಲೆಕ್ಕದಲ್ಲಿ ಮರ ಜಾಸ್ತಿ ಇದ್ದಿದ್ದು ವರ್ತೂರು, ಬೆಳ್ಳಂದೂರು ಥರದ ಹೊರವಲಯದ ವಾರ್ಡ್‌ಗಳಲ್ಲಿ, ಅವು ತೋಟ ಹೊಲ ಇನ್ನೂ ಉಳಿದಿದ್ದ ದೊಡ್ಡ ವಾರ್ಡ್‌ಗಳು. ಅಲ್ಲಿನ ಹಸಿರೆಲ್ಲ ಸಾರ್ವಜನಿಕ ಅಲ್ಲ, ಉಳಿಯೋದೂ ಗ್ಯಾರಂಟಿ ಇಲ್ಲ. ಹಾಗಾಗಿ ಶ್ರೀಮಂತ ಏರಿಯಾ ಅಂದ್ರೆ ಹಸಿರು, ಬಡ ಏರಿಯಾ ಅಂದ್ರೆ ಬೋಳು ಅಂತ ಕಣ್ಮುಚ್ಚಿ ಗೆರೆ ಎಳೆಯೋಕಾಗಲ್ಲ, ಊರೊಳಗೆ ಆ ಮಾತು ಬಹುಪಾಲು ನಿಜ, ಊರಂಚಲ್ಲಿ ಕಥೆ ಬೇರೆ.

ಜಾಗ, ನೀರು, ದನಿ

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾರಣ ಲೇಔಟ್ ಹೇಗೆ ಹುಟ್ತು ಅನ್ನೋದು.

ಬಿಡಿಎ, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೇಲಿ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ ಕನಿಷ್ಠ ಶೇ. 15 ಪಾರ್ಕು ಆಟದ ಮೈದಾನಕ್ಕೆ, ಅದರ ಮೇಲೆ ಇನ್ನೊಂದು ಶೇ. 10 ಶಾಲೆ ಆಸ್ಪತ್ರೆ ಥರದ ನಾಗರಿಕ ಸೌಲಭ್ಯಕ್ಕೆ ಬಿಡಬೇಕು ಅಂತ ಬರೆದಿದ್ರು. ಅಂದ್ರೆ ಬಿಡಿಎ ಲೇಔಟಲ್ಲಿ ಸೈಟ್ ತಗೊಂಡ ಮನೆಗೆ ಪಾರ್ಕು ಕಾನೂನಿನ ಜೊತೆಗೇ ಬಂತು, ಯಾರೂ ಹೋರಾಟ ಮಾಡ್ಬೇಕಾಗಿಲ್ಲ. ಆದ್ರೆ ಆ ಸೈಟಿನ ರೇಟು ಎಲ್ಲರ ಕೈಗೂ ಎಟುಕಲ್ಲ, ಸೈಟ್ ಹಂಚಿಕೆಗೆ ವರ್ಷಗಟ್ಟಲೆ ಕಾಯೋಕೂ ಆಗಲ್ಲ. ಕಾಯೋಕಾಗದವರು ಏನು ಮಾಡ್ತಾರೆ? ರೆವಿನ್ಯೂ ಸೈಟ್ ತಗೊಳ್ತಾರೆ.

ರೆವಿನ್ಯೂ ಸೈಟ್ ಅಂದ್ರೆ ಹೊಲವನ್ನ ಭೂ ಪರಿವರ್ತನೆ ಮಾಡಿಸದೆ, ಲೇಔಟ್ ಪ್ಲಾನಿಗೆ ಅಪ್ರೂವಲ್ ತಗೊಳ್ಳದೆ ತುಂಡು ತುಂಡು ಮಾಡಿ ಮಾರೋದು. ಅಲ್ಲಿ ಪಾರ್ಕಿಗೆ ಜಾಗ ಬಿಡಿ ಅಂತ ಹೇಳೋರೇ ಇಲ್ಲ, ಬಿಟ್ಟ ಜಾಗ ಅಷ್ಟೂ ಮಾರೋರಿಗೆ ನಷ್ಟ, ರಸ್ತೆನೂ ಎಷ್ಟು ಕಿರಿದಾದ್ರೆ ಅಷ್ಟು ಲಾಭ. ತಗೊಂಡವರು 20x30ರಲ್ಲಿ ಒಂದಿಂಚೂ ಬಿಡದೆ ಮನೆ ಕಟ್ತಾರೆ, ಕೆಳಗೆ ಬಾಡಿಗೆ ಮೇಲೆ ಬಾಡಿಗೆ, ಯಾಕಂದ್ರೆ ಸಾಲ ತೀರಬೇಕು. ಇವರದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಅವರ ಕೈಲಿದ್ದ ದುಡ್ಡಿಗೆ ಸಿಕ್ಕಿದ್ದು ಅದು. ಆದ್ರೆ ಹೀಗೆ ಹುಟ್ಟಿದ ಏರಿಯಾಗೆ ಮುಂದೆ ಎಷ್ಟೇ ರಸ್ತೆ, ಲೈಟು, ನೀರು ಬಂದ್ರೂ ಪಾರ್ಕು ಬರೋಕೆ ಜಾಗವೇ ಇರಲ್ಲ, ಇದ್ದ ಒಂದೇ ಒಂದು ಖಾಲಿ ಜಾಗ ಅಂದ್ರೆ ಹಳೇ ಊರಿನ ಗುಂಡುತೋಪು ಅಥವಾ ಕೆರೆ ಅಂಗಳ, ಅದರ ಮೇಲೆ ಎಲ್ಲರ ಕಣ್ಣು.

ರಸ್ತೆ ಅಗಲ ಕೂಡ ಸಣ್ಣ ವಿಷಯ ಅಲ್ಲ. ಮಳೆಮರ, ಗುಲ್‌ಮೊಹರ್ ಥರದ ದೊಡ್ಡ ಹಂದರದ ಮರಗಳಿಗೆ ಅಗಲ ರಸ್ತೆ ಬೇಕು, ಫುಟ್‌ಪಾತಿನ ಕೆಳಗೆ ಮಣ್ಣು ಬೇಕು. ಕಿರಿದಾದ ರಸ್ತೇಲಿ ಮೇಲೆ ಕರೆಂಟ್ ತಂತಿ, ಕೆಳಗೆ ಚರಂಡಿ, ಪಕ್ಕದಲ್ಲಿ ಮನೆ ಬಾಗಿಲು, ನೆಟ್ರೂ ಸಣ್ಣ ಜಾತಿಯ ಗಿಡ, ಅದೂ ಬೆಸ್ಕಾಂನವರು ಕೊಂಬೆ ಕಡಿಯೋವರೆಗೆ.

ಇನ್ನು ನೀರು. ಸಸಿ ನೆಟ್ಟ ದಿನ ಫೋಟೋ ತೆಗೆಯೋದು ಸುಲಭ, ಅದು ಬದುಕೋಕೆ ಮೊದಲ ಎರಡು ಮೂರು ಬೇಸಿಗೆ ನೀರು ಹಾಕ್ಬೇಕು. 2024ರ ಮಾರ್ಚಲ್ಲಿ ನೀರಿನ ಬರ ಬಂದಾಗ ಜಲಮಂಡಳಿಯವರು ಗಿಡಕ್ಕೆ, ಕಾರು ತೊಳೆಯೋಕೆ ಕುಡಿಯೋ ನೀರು ಬಳಸಿದ್ರೆ 5,000 ರೂಪಾಯಿ ದಂಡ ಅಂದ್ರು. ಬೋರ್‌ವೆಲ್ ಇರೋರು, ಅಪಾರ್ಟ್‌ಮೆಂಟಲ್ಲಿ ಸಂಸ್ಕರಿಸಿದ ನೀರು ಇರೋರು ಹೇಗೋ ಗಿಡ ಉಳಿಸ್ಕೊಂಡ್ರು. ಬಿಂದಿಗೆ ಲೆಕ್ಕದಲ್ಲಿ ನೀರು ಹಿಡಿಯೋ ಬೀದೀಲಿ ಯಾರಾದ್ರೂ ರಸ್ತೆ ಗಿಡಕ್ಕೆ ಒಂದು ಬಿಂದಿಗೆ ಸುರೀತಾರಾ, ಸುರಿಯೋಕಾಗುತ್ತಾ? ಬಾಡಿಗೆ ಮನೆಯವರ ಕಷ್ಟ ಇನ್ನೊಂದು, ಹನ್ನೊಂದು ತಿಂಗಳ ಅಗ್ರಿಮೆಂಟಲ್ಲಿ ಇರೋರು ಹತ್ತು ವರ್ಷಕ್ಕೆ ನೆರಳು ಕೊಡೋ ಮರ ನೆಡೋದಾದ್ರೂ ಎಲ್ಲಿ.

ಕೊನೇದು ದನಿ, ಅಂದ್ರೆ ಕೇಳೋ ಶಕ್ತಿ. ಇದಕ್ಕೆ ಬೆಂಗಳೂರಿಂದಾನೇ ಒಂದು ದೊಡ್ಡ ಉದಾಹರಣೆ ಇದೆ. ರಾಜಮಹಲ್ ವಿಲಾಸ್ ಎಕ್ಸ್‌ಟೆನ್ಷನ್, ಅಂದ್ರೆ ಸದಾಶಿವನಗರದ ಕಡೆ, ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನ ಬಿಡಿಎ ಒಂದು ಖಾಸಗಿ ಟ್ರಸ್ಟಿಗೆ ನರ್ಸಿಂಗ್ ಹೋಂ ಕಟ್ಟೋಕೆ ಕೊಡ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು. ಬಿ.ಎಸ್. ಮುದ್ದಪ್ಪ ಪ್ರಕರಣ ಅಂತಾನೇ ಹೆಸರಾದ ಈ ಕೇಸಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಲ್ತು, ಪಾರ್ಕಿನ ಜಾಗ ಪಾರ್ಕಿಗೇ ಇರಬೇಕು, ಅಲ್ಲಿನ ಜನಕ್ಕೆ ಅದನ್ನ ಕೇಳೋ ಹಕ್ಕಿದೆ ಅಂತು. ಇಡೀ ದೇಶದಲ್ಲಿ ಪಾರ್ಕ್ ಉಳಿಸೋ ಕೇಸುಗಳಿಗೆ ಇವತ್ತಿಗೂ ಇದೇ ಆಧಾರ, ಅವರು ಹೋರಾಡಿದ್ದು ನಮ್ಮೆಲ್ಲರಿಗೂ ಉಪಕಾರ ಆಯ್ತು. ಜೊತೆಗೆ ಇನ್ನೊಂದೂ ನೋಡ್ಬೇಕು: ಹೈಕೋರ್ಟಿಂದ ಸುಪ್ರೀಂ ಕೋರ್ಟಿನವರೆಗೂ ವರ್ಷಾನುಗಟ್ಟಲೆ ಕೇಸ್ ನಡೆಸೋಕೆ ವಕೀಲರು ಬೇಕು, ದುಡ್ಡು ಬೇಕು, ಲೇಔಟ್ ಪ್ಲಾನಿನ ನಕಲು ಕೈಲಿರಬೇಕು. ಸ್ವಂತ ಮನೆಗೇ ಹಕ್ಕುಪತ್ರ ಸಿಗದೆ ಓಡಾಡ್ತಿರೋರು ಪಕ್ಕದ ಖಾಲಿ ಜಾಗಕ್ಕೆ ಕೇಸ್ ಹಾಕೋದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಸ್ಲಮ್ಮಲ್ಲಿ ಗಿಡ ಮರ ಇಲ್ವೇ ಇಲ್ವಾ?

ಇದೆ, ಆದ್ರೆ ಬೇರೆ ಥರ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ದಿವ್ಯಾ ಗೋಪಾಲ್ ಮತ್ತು ಹರಿಣಿ ನಾಗೇಂದ್ರ ಬೆಂಗಳೂರಿನ 44 ಸ್ಲಮ್‌ಗಳಲ್ಲಿ ಓಡಾಡಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಅನುಕೂಲಸ್ಥರ ಬಡಾವಣೆಗಳಿಗೆ ಹೋಲಿಸಿದ್ರೆ ಮರ ಕಡಿಮೆ, ಆದ್ರೆ ಇದ್ದ ಮರಗಳಲ್ಲಿ ಕೆಲಸಕ್ಕೆ ಬರೋವೇ ಜಾಸ್ತಿ: ನುಗ್ಗೆ, ತೆಂಗು, ಪೂಜೆಗೆ ಅಶ್ವತ್ಥ. ನುಗ್ಗೆಮರ ಒಂದಿದ್ರೆ ಸೊಪ್ಪೂ ಆಯ್ತು ಕಾಯೂ ಆಯ್ತು, ಸುತ್ತಮುತ್ತ ನಾಲ್ಕು ಮನೆಗೆ ಸಾರಿಗೆ ಆಯ್ತು. ಒಡೆದ ಬಕೆಟ್, ಹಳೇ ಪೇಂಟ್ ಡಬ್ಬಿ, ಇದರಲ್ಲೇ ತುಳಸಿ, ದೊಡ್ಡಪತ್ರೆ, ಕರಿಬೇವು.

ಆ ಒಂದು ಮರದ ಕೆಳಗೆ ಏನೇನು ನಡೆಯುತ್ತೆ ನೋಡಿ. ಹೆಂಗಸರು ಹೂ ಕಟ್ತಾರೆ, ಪಾತ್ರೆ ತೊಳೀತಾರೆ, ಮಕ್ಕಳು ಆಡ್ತಾರೆ, ಗಂಡಸರು ಆಟೋ ನಿಲ್ಲಿಸಿ ಊಟ ಮಾಡ್ತಾರೆ, ಸಂಜೆ ಸಂಘದ ಮೀಟಿಂಗು. ಮನೆ ಒಳಗೆ ಜಾಗ ಇಲ್ಲದವರಿಗೆ ಮರದಡಿ ಜಾಗವೇ ಹಜಾರ. ಅಲ್ಲಿ ಒಂದು ಮರ ಕಡಿದ್ರೆ ಬರೀ ನೆರಳು ಹೋಗಲ್ಲ, ಒಂದು ವರ್ಕ್‌ಶಾಪು ಒಂದು ಅಂಗನವಾಡಿ ಒಂದು ಪಂಚಾಯ್ತಿಕಟ್ಟೆ ಒಟ್ಟಿಗೇ ಹೋಗುತ್ತೆ. ಸರ್ಕಾರದ ಹಸಿರು ಲೆಕ್ಕದಲ್ಲಿ ಡಬ್ಬಿ ಗಿಡ ಎಲ್ಲೂ ಬರಲ್ಲ. ಸ್ಲಮ್ ಎಬ್ಬಿಸಿ ಅಪಾರ್ಟ್‌ಮೆಂಟ್ ಕಟ್ಟಿಕೊಟ್ಟಾಗ ಮೂರನೇ ಮಹಡಿಗೆ ಹೋದವರಿಗೆ ಪಕ್ಕಾ ಮನೆ ಸಿಗುತ್ತೆ, ನಿಜ, ಆದ್ರೆ ಈ ಹಜಾರ ಸಿಗಲ್ಲ.

ಅಮೆರಿಕದ ಕೆಂಪು ಗೆರೆ

ಅಮೆರಿಕದ್ದು ಒಂದು ಉದಾಹರಣೆ ಚಿಕ್ಕದಾಗಿ ಹೇಳ್ತೀನಿ, ಯಾಕಂದ್ರೆ ಅಲ್ಲಿ ಇದರ ದಾಖಲೆ ಕಾಗದದ ಮೇಲೇ ಇದೆ. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಗೃಹಸಾಲ ಸಂಸ್ಥೆಯವರು ಊರೂರಿನ ಮ್ಯಾಪ್ ಇಟ್ಕೊಂಡು ಯಾವ ಏರಿಯಾಗೆ ಸಾಲ ಕೊಡೋದು ಸೇಫು ಅಂತ ಎ, ಬಿ, ಸಿ, ಡಿ ಗ್ರೇಡ್ ಹಾಕಿದ್ರು. ಎ ಗ್ರೇಡಿಗೆ ಹಸಿರು ಬಣ್ಣ, ಡಿ ಗ್ರೇಡಿಗೆ ಕೆಂಪು. ಕಪ್ಪುಜನ, ವಲಸಿಗರು, ಬಡವರು ಇದ್ದ ಕಡೆ ಎಲ್ಲ ಕೆಂಪು. ಕೆಂಪು ಬಿದ್ದ ಕಡೆ ಸಾಲ ಇಲ್ಲ, ಹೂಡಿಕೆ ಇಲ್ಲ, ಜಾಗ ಅಗ್ಗ, ಅಗ್ಗದ ಜಾಗಕ್ಕೆ ಹೈವೇ ಬಂತು ಫ್ಯಾಕ್ಟರಿ ಬಂತು. ಸುಮಾರು 80 ವರ್ಷ ಆದ್ಮೇಲೆ ಸಂಶೋಧಕರು 108 ಸಿಟಿಗಳಲ್ಲಿ ಅಳೆದು ನೋಡಿದ್ರೆ ಕೆಂಪು ಗೆರೆಯೊಳಗಿನ ಏರಿಯಾಗಳು ಸರಾಸರಿ 2.6 ಡಿಗ್ರಿ ಜಾಸ್ತಿ ಬಿಸಿ. ಇನ್ನೊಂದು ತಂಡ 37 ಸಿಟಿ ನೋಡ್ತು, ಎ ಗ್ರೇಡ್ ಏರಿಯಾಗಳಲ್ಲಿ ಶೇ. 43ರಷ್ಟು ಜಾಗಕ್ಕೆ ಮರದ ಹೊದಿಕೆ ಇದ್ರೆ ಡಿ ಗ್ರೇಡಲ್ಲಿ ಶೇ. 23.

ಬೆಂಗಳೂರಲ್ಲಿ ಇಂಥ ಬಣ್ಣದ ಮ್ಯಾಪ್ ಯಾರೂ ಮಾಡಿರ್ಲಿಲ್ಲ. ಅಪ್ರೂವ್ಡ್ ಲೇಔಟು, ರೆವಿನ್ಯೂ ಲೇಔಟು, ಘೋಷಿತ ಸ್ಲಮ್, ಅಘೋಷಿತ ಸ್ಲಮ್ ಅನ್ನೋ ವಿಂಗಡಣೆಗಳೇ ಬಹುಮಟ್ಟಿಗೆ ಆ ಕೆಲಸ ಮಾಡಿದ್ವು.

ಮೈ ಮೇಲೆ ಆಗೋ ಪರಿಣಾಮ

ಹಸಿರು ನೋಡಿದ್ರೆ ಮನಸ್ಸಿಗೆ ಹಿತ ಅನ್ನೋದು ಹಳೇ ಮಾತು, ಅದನ್ನ ಅಳೆದು ತೋರಿಸಿದ್ದು 1984ರಲ್ಲಿ ರೋಜರ್ ಉಲ್ರಿಚ್ ಅನ್ನೋ ಸಂಶೋಧಕರು. ಅಮೆರಿಕದ ಒಂದು ಆಸ್ಪತ್ರೇಲಿ ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣ್ತಿದ್ದವರು, ಇಟ್ಟಿಗೆ ಗೋಡೆ ಕಾಣ್ತಿದ್ದವರಿಗಿಂತ ಬೇಗ ಮನೆಗೆ ಹೋದ್ರು, ನೋವಿನ ಸ್ಟ್ರಾಂಗ್ ಮಾತ್ರೆ ಕಡಿಮೆ ತಗೊಂಡ್ರು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2008ರ ಅಧ್ಯಯನ, ಮಿಚೆಲ್ ಮತ್ತು ಪೊಪಮ್ ಅನ್ನೋರದ್ದು, ಇಂಗ್ಲೆಂಡಿನ ನಿವೃತ್ತಿ ವಯಸ್ಸಿಗಿಂತ ಚಿಕ್ಕವರಾದ ಸುಮಾರು 4 ಕೋಟಿ ಜನರ ಲೆಕ್ಕ. ಬಡವರು ಶ್ರೀಮಂತರಿಗಿಂತ ಬೇಗ ಸಾಯ್ತಾರೆ ಅನ್ನೋದು ಮೊದಲೇ ಗೊತ್ತಿತ್ತು, ಇವರು ಕೇಳಿದ ಪ್ರಶ್ನೆ ಆ ಅಂತರ ಎಲ್ಲ ಕಡೆ ಒಂದೇನಾ ಅಂತ. ಒಂದೇ ಅಲ್ಲ. ಹಸಿರು ತೀರಾ ಕಡಿಮೆ ಇರೋ ಪ್ರದೇಶಗಳಲ್ಲಿ ಅತಿ ಬಡವರ ಸಾವಿನ ಪ್ರಮಾಣ ಅತಿ ಅನುಕೂಲಸ್ಥರಿಗಿಂತ ಶೇ. 93 ಜಾಸ್ತಿ ಇತ್ತು. ಹಸಿರು ಅತಿ ಹೆಚ್ಚಿರೋ ಕಡೆ ಅದೇ ಅಂತರ ಶೇ. 43ಕ್ಕೆ ಇಳಿದಿತ್ತು. ಬಡವರು ಎರಡೂ ಕಡೆ ಬಡವರೇ, ಅಂತರ ಮಾತ್ರ ಕಡಿಮೆ. ಹೃದಯ ಮತ್ತು ರಕ್ತನಾಳದ ಕಾಯಿಲೆಗಳಲ್ಲಿ ಇದು ಎದ್ದು ಕಾಣ್ತು, ಶ್ವಾಸಕೋಶದ ಕ್ಯಾನ್ಸರಲ್ಲಿ ಕಾಣಲಿಲ್ಲ, ಅದೂ ಸರಿನೇ, ಪಾರ್ಕಲ್ಲಿ ವಾಕಿಂಗ್ ಮಾಡಿದ್ರೆ ಬಿಪಿ ಇಳಿಯಬಹುದು, ಬೀಡಿ ಸೇದಿದ್ದು ಹೋಗಲ್ಲ. ಇಂಥ ಅಧ್ಯಯನಗಳು ಹಸಿರಿಂದಾನೇ ಹೀಗಾಯ್ತು ಅಂತ ಪೂರ್ತಿ ಸಾಬೀತು ಮಾಡಲ್ಲ, ಎರಡೂ ಜೊತೆಜೊತೆಗೆ ಇವೆ ಅಂತ ತೋರಿಸುತ್ತವೆ. ಆದ್ರೂ ನೆರಳು, ನಡೆದಾಟ, ಕಡಿಮೆ ಧೂಳು, ನಾಲ್ಕು ಜನ ಮಾತಿಗೆ ಸಿಗೋದು, ಕಾರಣ ಏನಿರಬಹುದು ಅಂತ ಊಹಿಸೋದು ಕಷ್ಟ ಅಲ್ಲ.

ಪಾರ್ಕ್ ಪಕ್ಕದಲ್ಲೇ ಇದೆ, ಒಳಗೆ ಹೋಗಬಹುದಾ?

ಮ್ಯಾಪಲ್ಲಿ ಪಾರ್ಕ್ ಇರೋದು ಬೇರೆ, ಅದು ನಿಮಗೆ ಸಿಗೋದು ಬೇರೆ. ಬೆಂಗಳೂರಿನ ಎಷ್ಟೋ ಬಡಾವಣೆ ಪಾರ್ಕುಗಳು ವರ್ಷಗಟ್ಟಲೆ ಬೆಳಿಗ್ಗೆ ತೆಗೆದು, ಹತ್ತು ಗಂಟೆಗೆ ಬೀಗ ಹಾಕಿ, ಮತ್ತೆ ಮಧ್ಯಾಹ್ನದ ಮೇಲೆ ತೆಗೀತಿದ್ವು. ಬೆಳಿಗ್ಗೆ ವಾಕಿಂಗ್ ಬರೋರಿಗೆ ಇದು ಸರಿ. ಬಿಸಿಲು ನೆತ್ತಿಗೇರಿದಾಗ ಅರ್ಧ ಗಂಟೆ ಕೂರೋಕೆ ಜಾಗ ಹುಡುಕೋ ಡೆಲಿವರಿ ಹುಡುಗನಿಗೆ, ಮನೆಕೆಲಸದ ಅಕ್ಕನಿಗೆ ಅದೇ ಹೊತ್ತಲ್ಲಿ ಬೀಗ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಪಾರ್ಕ್ ತೆರೆದಿರಬೇಕು ಅಂತ ತೀರ್ಮಾನ ಬಂತು, ನನಗಂತೂ ಬಹಳ ಖುಷಿ ಆಯ್ತು, ಒಂದು ಸಸಿನೂ ನೆಡದೆ ಸಾವಿರಾರು ಜನಕ್ಕೆ ನೆರಳು ಸಿಗೋ ಕೆಲಸ ಅದು.

ಲಾಲ್‌ಬಾಗಲ್ಲೂ ಹಾಗೇ, ಬೆಳಗಿನ ವಾಕಿಂಗ್ ಹೊತ್ತಿಗೆ ಟಿಕೆಟ್ ಇಲ್ಲ, ಹಗಲು ಹೊತ್ತಿಗೆ ಇದೆ. ಮನೆ ಹತ್ರ ಪಾರ್ಕಿಲ್ಲದೆ ಭಾನುವಾರ ಬಸ್ಸಲ್ಲಿ ಮಕ್ಕಳನ್ನ ಕರ್ಕೊಂಡು ಬರೋರು ಆರು ಗಂಟೆಗೆ ಬರೋಕಾಗಲ್ಲ, ಅವರು ಹಗಲಲ್ಲೇ ಬರ್ತಾರೆ.

ಕೆರೆಗಳ ವಿಷಯ ಇನ್ನೂ ಸೂಕ್ಷ್ಮ. ಕೆರೆ ಅಂದ್ರೆ ಮೊದಲು ದನ ತೊಳೆಯೋರು, ಬಟ್ಟೆ ಒಗೆಯೋರು, ಮೀನು ಹಿಡಿಯೋರು, ಹುಲ್ಲು ಕೊಯ್ಯೋರು, ಸೊಪ್ಪು ಕೀಳೋರು ಎಲ್ಲರದ್ದೂ. ಅಭಿವೃದ್ಧಿ ಅಂತ ಸುತ್ತ ಬೇಲಿ ಹಾಕಿ, ವಾಕಿಂಗ್ ಟ್ರ್ಯಾಕ್ ಮಾಡಿ, ಬೋರ್ಡ್ ನೆಟ್ಟಾಗ ಹೂಳು ಕೊಳಚೆ ಹೋಗೋದು ಒಳ್ಳೇದು, ಆದ್ರೆ ಬೇಲಿ ಜೊತೆ ಹುಲ್ಲು ಕೊಯ್ಯೋರೂ ಹೊರಗೆ ಹೋಗ್ತಾರೆ. ಹಾಗೇ ಆಗ್ಬೇಕು ಅಂತೇನಿಲ್ಲ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಸರಿಮಾಡಿದಾಗ ಅಲ್ಲಿನ ಜನ ಹುಲ್ಲು ಕೊಯ್ಯೋರಿಗೂ ಮೀನುಗಾರಿಕೆಗೂ ಅವಕಾಶ ಉಳಿಸ್ಕೊಂಡ್ರು.

ಹಸಿರು ಬಂತು, ಬಾಡಿಗೆ ಏರ್ತು

ಬಡ ಏರಿಯಾಗೆ ಒಳ್ಳೇ ಪಾರ್ಕ್ ಮಾಡಿಬಿಟ್ರೆ ಮುಗೀತಲ್ಲ ಅಂತ ಅನ್ನಿಸಬಹುದು. ಅಲ್ಲೊಂದು ತೊಡಕಿದೆ. ಪಾರ್ಕ್ ಬಂದ ಕೂಡ್ಲೇ ಜಾಗದ ರೇಟ್ ಏರುತ್ತೆ, ಬ್ರೋಕರ್‌ಗಳು ಲೇಕ್ ವ್ಯೂ, ಪಾರ್ಕ್ ಫೇಸಿಂಗ್ ಅಂತ ಮಾರ್ತಾರೆ, ಬಾಡಿಗೆ ಏರುತ್ತೆ, ಯಾರಿಗೆ ಅಂತ ಪಾರ್ಕ್ ಮಾಡಿದ್ರೋ ಅವರೇ ಖಾಲಿ ಮಾಡ್ಕೊಂಡು ಇನ್ನೂ ದೂರ ಹೋಗ್ತಾರೆ. ನ್ಯೂಯಾರ್ಕಲ್ಲಿ ಹಳೇ ಮೇಲ್ಸೇತುವೆ ರೈಲು ಹಳಿ ಮೇಲೆ 2009ರಲ್ಲಿ ತೆರೆದ ಹೈ ಲೈನ್ ಪಾರ್ಕ್ ಇದಕ್ಕೆ ಎಲ್ಲರೂ ಕೊಡೋ ಉದಾಹರಣೆ, ಅದರ ಅಕ್ಕಪಕ್ಕ ಮನೆ ಬೆಲೆ ಯಾವ ಮಟ್ಟಕ್ಕೆ ಹೋಯ್ತಂದ್ರೆ ಹಳಬರಿಗೆ ಅಲ್ಲಿರೋದೇ ಕಷ್ಟ ಆಯ್ತು.

ಹಾಗಂತ ಪಾರ್ಕ್ ಬೇಡ ಅನ್ನೋಕಾಗಲ್ಲ. ಒಂದೇ ಕಡೆ ದೊಡ್ಡ ಚೆಂದದ ಪಾರ್ಕ್ ಮಾಡೋ ಬದಲು ಎಲ್ಲ ಕಡೆ ಸಣ್ಣ ಸಣ್ಣ ಹಸಿರು ಮಾಡಿದ್ರೆ ರೇಟ್ ಏರೋ ಒತ್ತಡ ಹಂಚಿಹೋಗುತ್ತೆ, ಜೊತೆಗೆ ಅಲ್ಲಿರೋರಿಗೆ ಮೊದಲು ಹಕ್ಕುಪತ್ರ ಕೊಟ್ಟಿದ್ರೆ ಏರಿದ ಬೆಲೆಯ ಲಾಭ ಅವರಿಗೇ ಹೋಗುತ್ತೆ. ಬಾಡಿಗೇಲಿರೋರಿಗೆ ಮಾತ್ರ ಇದರಿಂದ ರಕ್ಷಣೆ ಸಿಗಲ್ಲ. ಕೊಲಂಬಿಯಾದ ಮೆಡಿಯಿನ್ ಊರಲ್ಲಿ 2016ರಿಂದ ರಸ್ತೆ ಮತ್ತು ಹಳ್ಳಗಳ ಉದ್ದಕ್ಕೂ 30 ಹಸಿರು ಪಟ್ಟಿ ಮಾಡಿದ್ರು, ನೋಡ್ಕೊಳ್ಳೋಕೆ ಅಲ್ಲಿನ ಬಡ ಕುಟುಂಬದವರಿಗೇ ತೋಟಗಾರಿಕೆ ತರಬೇತಿ ಕೊಟ್ಟು ಕೆಲಸ ಕೊಟ್ರು.

ನಿಮ್ಮ ಬೀದಿ ಲೆಕ್ಕ ಹಾಕೋದು ಹೇಗೆ

ಕೇಂದ್ರ ಸರ್ಕಾರದ ನಗರ ಯೋಜನೆ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ ಇರಬೇಕು ಅನ್ನುತ್ತೆ. ತೊಂದರೆ ಏನಂದ್ರೆ ಇಡೀ ಊರಿನ ಸರಾಸರಿ ತೆಗೆದ್ರೆ 240 ಎಕರೆ ಲಾಲ್‌ಬಾಗ್ ಎಲ್ಲರ ಖಾತೆಗೂ ಜಮಾ ಆಗುತ್ತೆ, ಅದರಿಂದ ಹತ್ತು ಕಿಲೋಮೀಟರ್ ದೂರ ಇರೋರದ್ದೂ ಸೇರಿಸಿ.

ಅದಕ್ಕಿಂತ ಸುಲಭದ ಅಳತೆ ಸೆಸಿಲ್ ಕೊನೈನೆಂಡೈಕ್ ಅನ್ನೋ ನಗರ ಅರಣ್ಯ ತಜ್ಞರು 2021ರಲ್ಲಿ ಹೇಳಿದ 3-30-300. ಮನೆಯಿಂದ ಕನಿಷ್ಠ 3 ಮರ ಕಾಣಬೇಕು, ಏರಿಯಾದ ಶೇ. 30ರಷ್ಟಕ್ಕೆ ಮರದ ಹೊದಿಕೆ ಇರಬೇಕು, 300 ಮೀಟರ್ ಒಳಗೆ ಒಂದು ಪಾರ್ಕ್ ಅಥವಾ ಹಸಿರು ಜಾಗ ಸಿಗಬೇಕು. ಮಲ್ಲೇಶ್ವರದ ಹಳೇ ಕ್ರಾಸಲ್ಲಿ ನಿಂತು ನೋಡಿ, ಆಮೇಲೆ ಮಾಗಡಿ ರಸ್ತೆ ಕಡೆಯ ಯಾವುದಾದ್ರೂ ವಠಾರದಲ್ಲಿ ನಿಂತು ನೋಡಿ.

ನಿಮ್ಮ ಏರಿಯಾ ಇದರಲ್ಲಿ ಹಿಂದಿದ್ರೆ ಮೊದಲು ನೋಡ್ಬೇಕಾದ್ದು ಲೇಔಟ್ ಪ್ಲಾನು. ಅಪ್ರೂವ್ಡ್ ಲೇಔಟ್ ಆಗಿದ್ರೆ ಪಾರ್ಕಿಗೆ ಅಂತ ಗುರುತು ಮಾಡಿದ ಜಾಗ ಪ್ಲಾನಲ್ಲಿ ಇರುತ್ತೆ, ಅದರ ಮೇಲೆ ಈಗ ಏನಿದೆ ಅಂತ ಹೋಲಿಸಿ, ಮಾಹಿತಿ ಹಕ್ಕಲ್ಲಿ ನಕಲು ಸಿಗುತ್ತೆ, 1985ರ ಕರ್ನಾಟಕದ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇರೋದೇ ಅಂಥ ಜಾಗ ಉಳಿಸೋಕೆ. ಪ್ಲಾನೇ ಇಲ್ಲದ ಏರಿಯಾ ಆಗಿದ್ರೆ ಸರ್ಕಾರಿ ಶಾಲೆ ಅಂಗಳ, ಆರೋಗ್ಯ ಕೇಂದ್ರ, ರಾಜಕಾಲುವೆ ಬದಿ, ಬಸ್ ಸ್ಟಾಪ್ ಹಿಂಭಾಗ ನೋಡಿ, ಮಣ್ಣು ಉಳಿದಿರೋದು ಅಲ್ಲೇ. ರಸ್ತೆ ಬದಿ ಮರ ಬೇಕಂದ್ರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ, ಪಾರ್ಕ್ ವಿಷಯ ಆದ್ರೆ ತೋಟಗಾರಿಕೆ ವಿಭಾಗಕ್ಕೆ, ಇರೋ ಮರ ಕಡಿಯೋಕೆ ಬಂದ್ರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಪತ್ರ ತೋರಿಸಿ ಅಂತ ಕೇಳಿ. ಗಿಡ ಕೊಟ್ರೆ ಯಾವ ಜಾತಿ ಅಂತಾನೂ ಕೇಳಿ: ಹೊಂಗೆ, ಬೇವು ಒಳ್ಳೇ ನೆರಳು, ನುಗ್ಗೆ ಬೇಗ ಬೆಳೆಯುತ್ತೆ, ಅರ್ಜಿಯಲ್ಲೇ ಮೊದಲ ಎರಡು ಬೇಸಿಗೆ ನೀರು ಯಾರು ಹಾಕ್ತಾರೆ ಅನ್ನೋದನ್ನೂ ಬರೆಸ್ಕೊಳ್ಳಿ.